ಎಂಬತ್ತೇಳನೇ ನಿಮಿಷ

"ಕ್ಯಾಮೆರಾ ಒಳಗೆ ಬರಲಿ. ನೀವು ಬರೋದು ಬೇಡ."

ಶಾಲೆಯ ಮೈದಾನದ ಗೇಟಿಗೆ ಅಡ್ಡ ನಿಂತು ಅವಳು ಹೇಳಿದ ರೀತಿಗೆ ಕ್ಯಾಮೆರಾಮನ್ ಒಂದು ಹೆಜ್ಜೆ ಹಿಂದೆ ಸರಿದ. ಅವನ ಪಕ್ಕದಲ್ಲಿದ್ದವನು ಮಾತ್ರ ನಿಂತಲ್ಲೇ ನಿಂತಿದ್ದ.

ಅವನನ್ನು ಗುರುತಿಸದವರು ಆ ಊರಿನಲ್ಲಿಲ್ಲ. ಸ್ಥಳೀಯ ಟಿವಿ ಚಾನೆಲ್‌ನಲ್ಲಿ ಇಪ್ಪತ್ತೈದು ವರ್ಷದಿಂದ, ದಿನಾ ಸಂಜೆ ಏಳೂವರೆಗೆ ಕ್ರೀಡಾಸುದ್ದಿ ಹೇಳುವವನು. ಜನ ಅವನನ್ನು ಕರೆಯುವುದು ಸ್ಕೋರ್ ಸರ್ ಎಂದೇ. ಐವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಕಪ್ಪಿಟ್ಟ ಮುಖ, ಕೈಯಲ್ಲಿ ಮೂಲೆ ಮಡಚಿದ ನೋಟ್‌ಬುಕ್ಕು.

"ಹೆಡ್ ಮೇಡಂ ಕರೆದಿದ್ರು. ನಿಮ್ಮ ಹುಡುಗೀರು ಮೊದಲನೇ ಸಲ ಫುಟ್‌ಬಾಲ್ ಫೈನಲ್‌ಗೆ ಬಂದಿದ್ದಾರಲ್ಲ... ಏನಾದ್ರೂ ತಪ್ಪಾಯ್ತಾ ಮೇಡಂ?"

"ನಿಮ್ಮನ್ನ 'ಬನ್ನಿ, ಒಳಗೆ ಬನ್ನಿ' ಅಂತ ಕರೆಯೋಕೆ ನನ್ನಿಂದ ಆಗಲ್ಲ. ಒಂದು ಸಲ ಹಾಗೆ ಚೆಂಡನ್ನ ಕರೆದಿದ್ದೇ ಸಾಕಾಗಿದೆ."

ಅವನ ಮುಖದ ಬಣ್ಣ ಇಳಿಯಿತು. ಅವಳ ಮುಖವನ್ನೇ ನೋಡಿದ. ಗುರುತು ಹಿಡಿಯಲು ಅರೆಗಳಿಗೆ ಬೇಕಾಯಿತು, ಅಷ್ಟೆ.

"ಎಂಬತ್ತೇಳನೇ ನಿಮಿಷ," ಎಂದ ಮೆಲ್ಲಗೆ. "ನೀವು..."

"ಹೌದು. ನಾನೇ."

ಗೇಟಿನ ಚಿಲಕ ಹಾಕಿ ಅವಳು ಹುಡುಗಿಯರತ್ತ ನಡೆದುಬಿಟ್ಟಳು.

ಈಗ ಆ ಶಾಲೆಯ ಆಟದ ಟೀಚರ್ ಆಗಿರುವ ಅವಳು ಹತ್ತೊಂಬತ್ತನೇ ವಯಸ್ಸಿನಲ್ಲಿ ಊರಿನ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಫೈನಲ್ ಮುಗಿಯಲು ಮೂರೇ ನಿಮಿಷವಿದ್ದಾಗ, ಸುಮ್ಮನೆ ಉರುಳಿ ಬಂದ ಚೆಂಡೊಂದು ಅವಳ ಎರಡೂ ಕೈಗಳ ನಡುವೆ ನುಸುಳಿ ಒಳಗೆ ಹೋಗಿತ್ತು. ತಂಡ ಸೋತಿತ್ತು.

ಸೋಲನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಆಗಷ್ಟೇ ಚಾನೆಲ್‌ಗೆ ಸೇರಿದ್ದ ಹೊಸ ಹುಡುಗನೊಬ್ಬ ಪ್ರತಿ ಭಾನುವಾರ ಆಟಗಾರರ ತಪ್ಪೊಂದನ್ನು 'ವಾರದ ಎಡವಟ್ಟು' ಎಂದು ತೋರಿಸುತ್ತಿದ್ದ. "ನೋಡಿ, ನಮ್ಮ ಗೋಲ್‌ಕೀಪರ್ ಎಷ್ಟು ಮರ್ಯಾದಸ್ಥೆ... ಚೆಂಡಿಗೂ 'ಬನ್ನಿ, ಒಳಗೆ ಬನ್ನಿ' ಅಂತಾರೆ" ಎಂದು ಅವಳು ಬಿಟ್ಟ ಗೋಲನ್ನು ತೋರಿಸಿ ನಕ್ಕಿದ್ದ. ಊರೂ ನಕ್ಕಿತು. ಜನ ಕೇಳಿದರೆಂದು ನಾಲ್ಕು ವಾರ ಅದನ್ನೇ ತೋರಿಸಿದರು.

ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾಲೇಜಿನ ಮೆಟ್ಟಿಲಲ್ಲಿ... "ನಮ್ಮನ್ನೂ ಒಳಗೆ ಕರೀರಿ ಮೇಡಂ." ರಾಜ್ಯ ತಂಡದ ಆಯ್ಕೆಯ ದಿನ ಬೂಟು ಕಟ್ಟಿ, ಬಾಗಿಲವರೆಗೆ ಬಂದು, ಮತ್ತೆ ಬಿಚ್ಚಿಟ್ಟಿದ್ದಳು. ಆಮೇಲೆ ಅವಳು ಆಡಲಿಲ್ಲ. ಅವನ ಕಾರ್ಯಕ್ರಮವನ್ನೂ ನೋಡಲಿಲ್ಲ.

ಗೇಟಿನಲ್ಲಿ ಅವನನ್ನು ತಡೆದ ದಿನ ಮನೆಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದಳು. ಅಣ್ಣ ಕೆಲಸದ ಮೇಲೆ ತಿಂಗಳುಗಟ್ಟಲೆ ಹೊರಗಿರುತ್ತಿದ್ದುದರಿಂದ ಮನೆಯಲ್ಲಿ ಇವರಿಬ್ಬರದೇ ರಾಜ್ಯ. ಅತ್ತಿಗೆ ಸ್ಕೋರ್ ಸರ್ ಭಕ್ತೆ. ಏಳೂವರೆಗೆ ಒಲೆ ಮೇಲೆ ಏನಿದ್ದರೂ ಅದರ ಹಣೆಬರಹ ಅದಕ್ಕೆ.

"ಬಿಸಿಲಲ್ಲಿ ನಿಲ್ಲಿಸಿಬಿಟ್ಟೆಯಾ? ಒಂದು ಲೋಟ ನೀರಾದ್ರೂ ಕೊಟ್ಯಾ?"

"ಅತ್ತಿಗೆ, ನೀವು ಯಾರ ಕಡೆ?"

"ನಿನ್ನ ಕಡೆಯೇ ಕಣೇ. ಆದ್ರೆ ಆ ಎಡವಟ್ಟು ಬರೋದು ನಿಂತು ಇಪ್ಪತ್ತೈದು ವರ್ಷ ಆಯ್ತು. ಟಿವಿ ಹಚ್ಚಿದ ತಕ್ಷಣ ನೀನು ಟೆರೇಸ್ ಹತ್ತಿದ್ರೆ ನಿನಗೆ ಹೇಗೆ ಗೊತ್ತಾಗಬೇಕು?"

ಮರುದಿನ ಸಂಜೆ ಅವನು ಮತ್ತೆ ಬಂದ. ಕ್ಯಾಮೆರಾ ಇಲ್ಲದೆ, ಒಬ್ಬನೇ. ಗೇಟಿನ ಆಚೆ ರಸ್ತೆಯ ಬದಿಯಲ್ಲಿ ನಿಂತು ಅಭ್ಯಾಸ ನೋಡಿದ. ಅದರ ಮರುದಿನವೂ ಬಂದ. ನೀರು ಕುಡಿಯಲು ಬಂದ ಹುಡುಗಿಯರನ್ನು ಸರಳುಗಳ ಆಚೆಯಿಂದಲೇ ಮಾತಾಡಿಸಿ, ಒಬ್ಬೊಬ್ಬರ ಹೆಸರನ್ನೂ ಎರಡೆರಡು ಸಲ ಹೇಳಿಸಿ ಬರೆದುಕೊಂಡ.

ನಾಲ್ಕನೇ ದಿನ ತಂಡದ ಗೋಲ್‌ಕೀಪರ್ ಹುಡುಗಿ ಓಡಿಬಂದಳು. "ಮಿಸ್, ನನ್ನ ಹೆಸರನ್ನ ಎಲ್ಲರೂ ತಪ್ಪಾಗೇ ಕರೀತಾರಲ್ವಾ? ಆ ಸರ್ ಸರಿಯಾಗಿ ಹೇಳೋಕೆ ನಮ್ಮಮ್ಮಂಗೆ ಫೋನ್ ಮಾಡಿ ಕೇಳಿದ್ರಂತೆ."

ಅವಳು ಹುಡುಗಿಯನ್ನು ಆಟಕ್ಕೆ ಕಳಿಸಿದಳು. ಆಮೇಲೆ ಹೋಗಿ ಚಿಲಕ ತೆಗೆದಳು.

"ಬಿಸಿಲಿದೆ. ನೆರಳಲ್ಲಿ ಕೂತ್ಕೊಳ್ಳಿ. ಅಷ್ಟೇ, ಬೇರೆ ಏನೂ ಅಂದ್ಕೋಬೇಡಿ."

ಅವನು ಒಳಗೆ ಬರಲಿಲ್ಲ. ಮೊದಲು ಹೇಳಬೇಕಾದ ಮಾತೊಂದಿತ್ತು.

"ಆಯ್ಕೆಯ ದಿನ ವರದಿ ಮಾಡೋಕೆ ನಾನೂ ಹೋಗಿದ್ದೆ. ನಿಮ್ಮ ಹೆಸರನ್ನ ಮೂರು ಸಲ ಕೂಗಿದ್ರು. ಯಾರೂ ಎದ್ದು ಬರಲಿಲ್ಲ. ಪಕ್ಕದಲ್ಲಿದ್ದವರು, 'ನಿನ್ನ ಜೋಕ್ ಕೆಲಸ ಮಾಡ್ತು ಕಣಯ್ಯಾ' ಅಂದ್ರು..." ಅವನು ನೋಟ್‌ಬುಕ್ಕನ್ನು ಮುಚ್ಚಿದ. "ಆ ವಾರವೇ ಅದನ್ನ ನಿಲ್ಲಿಸಿದೆ. ನಿಮ್ಮ ಮನೆಗೆ ಬಂದು ಕ್ಷಮೆ ಕೇಳೋ ಧೈರ್ಯ ಮಾತ್ರ ಬರಲಿಲ್ಲ. ತಪ್ಪು ನಿಮ್ಮದಲ್ಲ ಮೇಡಂ. ನನ್ನದು."

ಈ ಮಾತನ್ನು ಕೇಳಲು ಎಷ್ಟು ವರ್ಷ ಕಾದಿದ್ದೆ... ಕೇಳಿದ ಮೇಲೆ ಏನು ಹೇಳಬೇಕೆಂದು ಮಾತ್ರ ಯೋಚಿಸಿಯೇ ಇರಲಿಲ್ಲವಲ್ಲ, ಅಂದುಕೊಂಡಳು.

"ಒಳಗೆ ಬನ್ನಿ," ಎಂದಳು.

ಆ ಸಂಜೆ ಏಳೂವರೆಗೆ ಅವಳು ಟೆರೇಸಿಗೆ ಹೋಗಲಿಲ್ಲ. ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತಳು. ಅತ್ತಿಗೆ ತಿರುಗಿ ನೋಡಲಿಲ್ಲ. ಟಿವಿಯ ಸೌಂಡ್ ಮಾತ್ರ ಎರಡು ಗೀಟು ಜಾಸ್ತಿಯಾಯಿತು.

ಅವನು ಶಾಲಾಮಕ್ಕಳ ಈಜಿನ ಬಗ್ಗೆ ಹೇಳುತ್ತಿದ್ದ. ಗೆದ್ದವಳ ಹೆಸರು ಹೇಳಿದ. ಕೊನೆಯಲ್ಲಿ ಬಂದ ಹುಡುಗಿಯ ಹೆಸರನ್ನೂ ಹೇಳಿ, ಹೋದ ವರ್ಷಕ್ಕಿಂತ ನಾಲ್ಕು ಸೆಕೆಂಡ್ ಬೇಗ ಮುಗಿಸಿದ್ದಾಳೆ ಎಂದ. ಆಮೇಲೆ ಕಣ್ಣು ಕಾಣದವರ ಚೆಸ್ ಪಂದ್ಯ. ಆಮೇಲೆ, ಮೂವತ್ತು ವರ್ಷ ಮೈದಾನಕ್ಕೆ ಗೆರೆ ಹಾಕಿ ನಿವೃತ್ತರಾದ ಒಬ್ಬರು. ಅವರ ಕೈ ಹಿಡಿದುಕೊಂಡೇ ಮಾತಾಡಿಸಿದ.

ದೊಡ್ಡ ಚಾನೆಲ್‌ನವರು ಎರಡು ಸಲ ಕರೆದಿದ್ದರಂತೆ. "ಅಲ್ಲಿಗೆ ಹೋದ್ರೆ ಇವರ ಹೆಸರೆಲ್ಲ ಯಾರು ಹೇಳ್ತಾರೆ ಅಂತ ಹೋಗಲಿಲ್ವಂತೆ," ಎಂದಳು ಅತ್ತಿಗೆ, ಗೋಡೆಗೆ ಹೇಳುವವಳಂತೆ.

ಮುಂದಿನ ಎರಡು ವಾರ ಹೇಗೆ ಕಳೆದವೋ ಅವಳಿಗೆ ತಿಳಿಯಲಿಲ್ಲ. ಅವನು ದಿನಾ ಬರುತ್ತಿದ್ದ, ಗೋಲ್‌ಕೀಪಿಂಗ್ ಬಗ್ಗೆ ಕೇಳುತ್ತಿದ್ದ. ಚೆಂಡನ್ನು ನೋಡಬೇಕೋ, ಒದೆಯುವವಳ ಸೊಂಟವನ್ನೋ? ಅವಳು ಹೇಳುತ್ತಾ ಹೋದಳು. ಇಷ್ಟು ಮಾತು ತನ್ನೊಳಗೆ ಎಲ್ಲಿತ್ತು ಎಂದು ಅವಳಿಗೇ ಆಶ್ಚರ್ಯ. ಅವನಿಗೆ ಹಿಂದೆ ಮದುವೆಯಾಗಿತ್ತು, ಎರಡೇ ವರ್ಷಕ್ಕೆ ಬೇರೆಯಾಗಿದ್ದರು ಎಂದೂ ತಿಳಿಯಿತು. "ಅವಳದೇನೂ ತಪ್ಪಿಲ್ಲ. ನಾನು ಮನೇಲಿ ಇದ್ದಿದ್ದೇ ಕಡಿಮೆ," ಎಂದಿದ್ದ, ಮುಚ್ಚಿಡದೆ.

ಫೈನಲ್‌ನ ದಿನ ಅವನೇ ಕಾಮೆಂಟರಿ ಹೇಳಿದ. ಮೊದಲರ್ಧದಲ್ಲೇ ಅವಳ ತಂಡದ ಗೋಲ್‌ಕೀಪರ್ ಹುಡುಗಿ ಒಂದು ಗೋಲು ಬಿಟ್ಟಳು. ಅಂಚಿನಲ್ಲಿ ನಿಂತಿದ್ದ ಅವಳು ಗೋಲಿನತ್ತ ಒಂದು ಹೆಜ್ಜೆ ಇಟ್ಟಳು. ಸ್ಪೀಕರ್‌ನಲ್ಲಿ ಅವನ ದನಿ ಬಂತು: "ಒಳ್ಳೆಯ ಹೊಡೆತ. ಕೈ ಬೆರಳಿನ ತುದಿಗೆ ತಾಗಿತು. ಈಗ ಗೋಲ್‌ಕೀಪರ್ ಏಳುವುದನ್ನು ನೋಡಿ... ಎದ್ದರು. ಚೆಂಡು ಕೇಳುತ್ತಿದ್ದಾರೆ."

ಆ ಹುಡುಗಿ ಮತ್ತೊಂದು ಗೋಲು ಬಿಡಲಿಲ್ಲ. ತಂಡ ಎರಡು-ಒಂದು ಗೋಲುಗಳಿಂದ ಗೆದ್ದಿತು. ಕಪ್ ಹಿಡಿದು ಕುಣಿಯುತ್ತಿದ್ದ ಮಕ್ಕಳ ನಡುವಿನಿಂದ ಅವಳು ಕಾಮೆಂಟರಿ ಬಾಕ್ಸಿನತ್ತ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

ಅಯ್ಯೋ ದೇವರೇ... ಈ ವಯಸ್ಸಿನಲ್ಲಾ?

ಆದರೆ ಅದಾಗಿ ಐದನೇ ದಿನಕ್ಕೆ ಎಲ್ಲ ತಲೆಕೆಳಗಾಯಿತು.

ಸ್ಕೋರ್ ಸರ್‌ಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಚಾನೆಲ್ ಸನ್ಮಾನದ ಕಾರ್ಯಕ್ರಮ ಇಟ್ಟುಕೊಂಡಿತ್ತು. ಅದರ ಜಾಹೀರಾತು ಬಂತು. ಹಳೆಯ ತುಣುಕುಗಳು ಒಂದರ ಹಿಂದೊಂದು ಓಡುತ್ತಿದ್ದವು. ನಡುವೆ... ಹತ್ತೊಂಬತ್ತರ ಹುಡುಗಿಯೊಬ್ಬಳು ಬಗ್ಗಿದಳು, ಚೆಂಡು ಕೈಗಳ ನಡುವೆ ನುಸುಳಿತು, ಒಂದು ಎಳೆಯ ದನಿ ನಕ್ಕಿತು. "ಬನ್ನಿ, ಒಳಗೆ ಬನ್ನಿ..."

ಅತ್ತಿಗೆಯ ಕೈಯಿಂದ ರಿಮೋಟ್ ಜಾರಿತು.

ಬೆಳಿಗ್ಗೆ ಶಾಲೆಯಲ್ಲಿ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಬಂದಳು. "ಮಿಸ್... ಇದು ನೀವಾ?"

ಅವನು ಓಡಿಬಂದಾಗ ಅವಳು ಗೇಟಿನ ಹತ್ತಿರವೂ ಹೋಗಲಿಲ್ಲ. ದೂರದಿಂದಲೇ ಕೇಳಿದಳು.

"ಆ ದನಿ ನಿಮ್ಮದೇ ತಾನೇ?"

ಅವನ ತುಟಿ ಅಲುಗಿತು. ಏನೋ ಹೇಳಲು ಹೊರಟು ನಿಲ್ಲಿಸಿದ. "ನನ್ನದೇ," ಎಂದ.

"ಹಾಗಾದ್ರೆ ಹೋಗಿ. ಇನ್ನು ಬರಬೇಡಿ."

ಅವನು ತಲೆ ತಗ್ಗಿಸಿ ಹೊರಟುಹೋದ. ಅವಳು ಚೆಂಡುಗಳನ್ನಿಡುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎಷ್ಟೋ ಹೊತ್ತು ಅತ್ತಳು. ನಂಬಿದ್ದೇ ನನ್ನ ತಪ್ಪು... ಮತ್ತೆ ಅದೇ ಕೈಗೆ ನನ್ನನ್ನು ಕೊಟ್ಟುಕೊಂಡೆನಲ್ಲ.

ಮೂರು ದಿನವಾಯಿತು. ಏಳೂವರೆಗೆ ಟಿವಿಯಲ್ಲಿ ಬೇರೆ ಯಾರೋ ತಡವರಿಸುತ್ತಾ ಕ್ರೀಡಾಸುದ್ದಿ ಓದುತ್ತಿದ್ದರು. ಶನಿವಾರ ಮಧ್ಯಾಹ್ನ ಕ್ಯಾಮೆರಾಮನ್ ಮನೆಗೇ ಬಂದ. ನೀರು ಕೊಟ್ಟರೂ ಕುಡಿಯಲಿಲ್ಲ.

"ಸರ್ ಹೇಳಬೇಡ ಅಂದಿದ್ದಾರೆ ಮೇಡಂ. ಆದ್ರೆ ನನಗೆ ತಡೆಯೋಕಾಗ್ತಿಲ್ಲ. ಆ ತುಣುಕನ್ನ ಹುಡುಕಿ ಜಾಹೀರಾತಿಗೆ ಸೇರಿಸಿದ್ದು ಪ್ರಚಾರದವರು. ಸರ್‌ಗೆ ಏನೂ ಗೊತ್ತಿರಲಿಲ್ಲ. ಗೊತ್ತಾದ ತಕ್ಷಣ ಮ್ಯಾನೇಜರ್ ರೂಮಿಗೆ ಹೋಗಿ, ಅದನ್ನ ತೆಗೀರಿ, ಇಲ್ಲಾ ನನ್ನನ್ನ ತೆಗೀರಿ ಅಂದ್ರು. ಜನ ಅದನ್ನೇ ಹೆಚ್ಚು ನೋಡ್ತಿದ್ದಾರೆ, ಇರಲಿ ಬಿಡಿ ಅಂದ್ರು ಮ್ಯಾನೇಜರ್. ಸರ್ ರಾಜೀನಾಮೆ ಬರೆದಿಟ್ಟು ಎದ್ದು ಬಂದ್ರು."

"ಇದನ್ನ ನನಗೇ ಹೇಳಬಹುದಿತ್ತಲ್ಲ?"

"ನಾನೂ ಕೇಳಿದೆ. 'ದನಿ ನಂದೇ ಕಣಯ್ಯಾ, ಇನ್ನೊಬ್ಬರ ಮೇಲೆ ಹಾಕಿ ತಪ್ಪಿಸ್ಕೊಳ್ಳಲಾ' ಅಂದ್ರು."

ಅವಳು ಎದ್ದು ನಿಂತಳು. ಅತ್ತಿಗೆ ಆಗಲೇ ಚಪ್ಪಲಿ ತಂದು ಮುಂದಿಟ್ಟಿದ್ದಳು.

ಚಾನೆಲ್‌ನ ಮ್ಯಾನೇಜರ್ ಅವಳದೇ ವಯಸ್ಸಿನ ಹೆಂಗಸು. ಮೇಜಿನ ಮೇಲಿನ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

"ನೀವೇನಾ?" ಎಂದಳು ಸುಸ್ತಾದ ದನಿಯಲ್ಲಿ. "ನಿಮ್ಮ ಶಾಲೆ ಮಕ್ಕಳ ತಾಯಂದಿರು ಬೆಳಿಗ್ಗೆಯಿಂದ ನನ್ನ ಜನ್ಮ ಜಾಲಾಡ್ತಿದ್ದಾರೆ. ಆ ತುಣುಕನ್ನ ತೆಗೆಸಿದೀನಿ. ನಮ್ಮದು ತಪ್ಪಾಯ್ತು."

"ಅದು ಒಂಬತ್ತು ಸೆಕೆಂಡ್. ಮ್ಯಾಚ್ ತೊಂಬತ್ತು ನಿಮಿಷದ್ದು. ಉಳಿದದ್ದು ಎಲ್ಲಿದೆ?"

ಮ್ಯಾನೇಜರ್ ಅವಳನ್ನೇ ದಿಟ್ಟಿಸಿದಳು. ಆಮೇಲೆ ಹೇಳಿದಳು, "ಅದನ್ನ ಸ್ಕೋರ್ ಸರ್ ಜೋಪಾನ ಮಾಡಿಟ್ಟಿದ್ದಾರೆ. ಸಾಮಾನು ಖಾಲಿ ಮಾಡೋಕೆ ಬಂದಿದ್ದಾರೆ, ಎಡಿಟಿಂಗ್ ರೂಮಲ್ಲಿದ್ದಾರೆ. ರಾಜೀನಾಮೆಗೆ ನಾನಿನ್ನೂ ಸಹಿ ಹಾಕಿಲ್ಲ, ಹಾಕೋದೂ ಇಲ್ಲ ಅಂತ ನೀವಾದ್ರೂ ಹೇಳಿ."

ಕಿಟಕಿಯಿಲ್ಲದ ಪುಟ್ಟ ಕೋಣೆ. ಅವನು ರಟ್ಟಿನ ಡಬ್ಬಕ್ಕೆ ನೋಟ್‌ಬುಕ್ಕುಗಳನ್ನು ತುಂಬುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಆ ಮ್ಯಾಚ್ ಹಾಕಿ," ಎಂದಳು ಕುರ್ಚಿ ಎಳೆದುಕೊಂಡು. "ಪೂರ್ತಿ. ನಾನದನ್ನ ಒಂದು ಸಲವೂ ನೋಡಿಲ್ಲ."

"ಬೇಡ ಮೇಡಂ..."

"ಹಾಕಿ. ಹಳೇ ಕಾಮೆಂಟರಿ ಬೇಡ. ಈಗ ಹೇಳಿ, ನೀವೇ."

ಅವನು ಹಳೆಯ ದನಿಯನ್ನು ತೆಗೆದ. ಪರದೆಯ ಮೇಲೆ ಮಸುಕು ಬಣ್ಣದ ಮೈದಾನ ಮೂಡಿತು. ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ, ಮೊದಲು ಅಳುಕುತ್ತಾ, ಆಮೇಲೆ ತನ್ನ ಎಂದಿನ ಹದದಲ್ಲಿ. ಹನ್ನೆರಡನೇ ನಿಮಿಷ, ಎಡಕ್ಕೆ ಹಾರಿ ತಡೆದರು. ಇಪ್ಪತ್ತೊಂಬತ್ತನೇ ನಿಮಿಷ, ಮತ್ತೆ. ಐವತ್ತನಾಲ್ಕು, ಇಬ್ಬರು ಎದುರಿಗಿದ್ದರೂ ಕಾಲಿಗೇ ಬಿದ್ದು ಚೆಂಡು ಕಿತ್ತುಕೊಂಡರು.

ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕೆಸರು ಮೆತ್ತಿಕೊಂಡ ಆ ಹುಡುಗಿ ಹಾರುತ್ತಿದ್ದಳು, ಬೀಳುತ್ತಿದ್ದಳು, ಕೂಗಿ ಗೆಳತಿಯರನ್ನು ಹುರಿದುಂಬಿಸುತ್ತಿದ್ದಳು. ಇವಳು ನಾನಾ? ಇಷ್ಟು ಚೆನ್ನಾಗಿ ಆಡಿದ್ದೆನಾ? ನನಗೆ ಒಂದೇ ಒಂದು ಚೆಂಡು ನೆನಪಿದೆಯಲ್ಲ...

"ಹನ್ನೊಂದು," ಎಂದ ಅವನು. "ನೀವು ತಡೆದದ್ದು ಹನ್ನೊಂದು ಗೋಲು. ನಾನು ಎಣಿಸಿದ್ದೇನೆ. ನೀವಿಲ್ಲದಿದ್ರೆ ಆ ಮ್ಯಾಚ್ ಅರ್ಧಕ್ಕೇ ಮುಗೀತಿತ್ತು."

ಎಂಬತ್ತೇಳನೇ ನಿಮಿಷ ಬಂತು. ಅವನ ಮಾತು ನಿಂತಿತು. ಪರದೆ ಆರಿಸಲು ಕೈ ಚಾಚಿದವನ ಮಣಿಕಟ್ಟನ್ನು ಅವಳು ಹಿಡಿದಳು.

"ಇದನ್ನ ನಾನು ಹೇಳ್ತೀನಿ." ಅವಳ ದನಿ ನಡುಗಿದರೂ ನಿಲ್ಲಲಿಲ್ಲ. "ಚೆಂಡು ಉರುಳಿ ಬಂತು. ಗೋಲ್‌ಕೀಪರ್ ಸುಸ್ತಾಗಿದ್ದಳು. ಕೈಯಿಂದ ತಪ್ಪಿತು. ಅಷ್ಟೇ... ಅಷ್ಟೇ ಆಗಿದ್ದು."

ಕಣ್ಣೀರು ತಾನಾಗಿ ಹರಿಯಿತು. ಜೊತೆಗೆ ನಗುವೂ ಬಂತು. ಪಕ್ಕದಲ್ಲಿ ಅವನೂ ಮುಖ ಒರೆಸಿಕೊಳ್ಳುತ್ತಿದ್ದ. ಹಿಡಿದ ಮಣಿಕಟ್ಟನ್ನು ಅವಳು ಬಿಟ್ಟಿರಲಿಲ್ಲ.

"ಸನ್ಮಾನದ ಬದಲು ಇದನ್ನ ತೋರಿಸಿ. ನಿಮ್ಮ ಕಾಮೆಂಟರಿ ಜೊತೆ," ಎಂದಳು. "ಆಮೇಲೆ ಆ ನೋಟ್‌ಬುಕ್ಕುಗಳನ್ನ ವಾಪಸ್ ಕಪಾಟಿಗೆ ಜೋಡಿಸಿ. ಆ ಹೊಸಬರು ಮಕ್ಕಳ ಹೆಸರನ್ನೆಲ್ಲ ಕೆಡಿಸ್ತಿದ್ದಾರೆ."

ಇಬ್ಬರೂ ಹೊರಗೆ ಬಂದಾಗ ಸಂಜೆಯಾಗಿತ್ತು. ಬಸ್ ಸ್ಟಾಪಿನವರೆಗೆ ನಡೆದರು. ಅಲ್ಲಿ ನಿಂತ ಮೇಲೆ ಅವನು ಮೂರು ಸಲ ಬಾಯಿ ತೆರೆದು ಮುಚ್ಚಿದ.

"ಇಷ್ಟು ವರ್ಷ ಮಾತಾಡಿ ಬದುಕಿದವರಿಗೆ ಏನಾಯ್ತು?"

"ಇದು ರೂಢಿ ಇಲ್ಲ," ಎಂದ ಅವನು. "ನನಗೆ ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ ಮೇಡಂ. ಈ ಮೂರು ದಿನದಲ್ಲಿ ಗೊತ್ತಾಯ್ತು. ನೀವು ಬೇಡ ಅಂದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ..."

ಬಸ್ಸು ಬಂತು. ಯಾರೂ ಹತ್ತಲಿಲ್ಲ. ಬಸ್ಸು ಹೋಯಿತು.

"ಮೇಡಂ ಅನ್ನಬೇಡಿ," ಎಂದಳು ಅವಳು, ರಸ್ತೆಯನ್ನು ನೋಡುತ್ತಾ.

"ಮತ್ತೆ ಏನನ್ನಲಿ?"

"'ನೀನು' ಅನ್ನಿ. ಸಾಕು."

ಅವನು ಆ ಒಂದು ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಿರಬೇಕು.

"ನೀನು... ಊಟ ಮಾಡಿದ್ಯಾ?"

"ಇಲ್ಲ."

"ನಾನೂ ಮಾಡಿಲ್ಲ."

"ಬನ್ನಿ, ಮನೆಗೆ ಹೋಗೋಣ," ಎಂದಳು. "ಅತ್ತಿಗೆ ಕಾಯ್ತಿರ್ತಾರೆ."