ಹಜಾರ್ಡ್ ಸ್ವಿಚ್ಚು ಬದಲಾದ ಲಾರಿ

ಹಿರೀಸಾವೆಯ ಹೆದ್ದಾರಿ ಬದಿಯಲ್ಲಿ ಕೆಟ್ಟು ನಿಂತಿದ್ದ ತೆಂಗಿನಕಾಯಿ ಲಾರಿಯ ಹಿಂಬದಿಗೆ ಹಾಲಿನ ಬೈಕೊಂದು ಸಿಕ್ಕಿಕೊಂಡಿತ್ತು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಸವಾರ ಸುನೀಲ್‌ಕುಮಾರ್ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದ.

ಸಬ್‌ಇನ್ಸ್‌ಪೆಕ್ಟರ್ ನೇತ್ರಾವತಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಲಾರಿಯನ್ನು ಸುತ್ತಿದಳು, ಮತ್ತೆ ಸುತ್ತಿದಳು. ಗಾಯಾಳುವಿನೊಂದಿಗೆ ಆಂಬುಲೆನ್ಸ್ ಹತ್ತಿ ಹೋಗಿದ್ದ ಚಾಲಕ ನಂಜಯ್ಯ ಆಗತಾನೇ ಮರಳಿದ್ದ. ಅಂಗಿಯ ತುಂಬ ರಕ್ತ.

"ಗಾಡಿ ಕೆಟ್ಟು ನಿಂತಾಗ ಮಿನುಗೋ ಹಜಾರ್ಡ್ ಲೈಟು ಯಾಕಯ್ಯಾ ಹಾಕಲಿಲ್ಲ?"

"ಸ್ವಿಚ್ಚು ಕೆಟ್ಟಿತ್ತು ಮೇಡಂ. ಧಣಿಗೆ ಏಳಿ ಏಳಿ ಸಾಕಾಯ್ತು. ಸೊಪ್ಪು ಮುರ್ದು ಗುರ್ತಿಗೆ ಇಂದ್ಗಡೆ ಆಕಾನ ಅಂತ ಓಗಿದ್ದೆ, ಅಷ್ಟ್ರಲ್ಲಿ..."

ಲಾರಿಯ ಮಾಲೀಕ, ಬಾಗೂರಿನ ರಂಗಸ್ವಾಮಿ, ಪೊಲೀಸರಿಗಿಂತ ಮೊದಲೇ ತನ್ನ ಜೀಪಿನಲ್ಲಿ ಬಂದು ಲಾರಿ ಕಾಯುತ್ತಿದ್ದ. "ಕೇಳಿ ಮೇಡಂ ಇವನ ಪುರಾಣವ. ಆಯುಧಪೂಜೆಗೂ ಮುಂಚೇನೇ ಒಸದು ಆಕ್ಸಿವ್ನಿ. ಒತ್ತಿ ನೋಡಿ."

ನೇತ್ರಾವತಿ ಒತ್ತಿದಳು. ನಾಲ್ಕೂ ದೀಪಗಳು ಮಿನುಗಿದವು.

ನಂಜಯ್ಯ ಕೈಮುಗಿದ. "ದೇವ್ರಾಣೆ ಕೆಟ್ಟಿತ್ತು ಮೇಡಂ."

"ಜೈಲಲ್ಲಿ ಕುಂತು ಆ ದೇವ್ರಿಗೇ ಏಳ್ಕೊಳ್ಳಲಾ," ಎಂದ ರಂಗಸ್ವಾಮಿ.

* * *

ತಪ್ಪು ಚಾಲಕನದೇ ಎನ್ನಬೇಕು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಮತ್ತೆ ಕ್ಯಾಬಿನ್ ಹತ್ತಿದಳು. ದೇವರ ಪಟದ ಹೂವು ಬಾಡಿ ಕಪ್ಪಾಗಿತ್ತು. ಸ್ವಿಚ್ಚಿನ ಮೇಲೆ ಮಾತ್ರ ಒಂದು ಕುಂಕುಮದ ಬೊಟ್ಟು. ಮುಟ್ಟಿದರೆ ಬೆರಳು ಕೆಂಪಾಯಿತು.

"ನಂಜಯ್ಯ, ಪೂಜೆ ಮಾಡೋದು ನೀನೇನಾ?"

"ದಿನಾ ನಾನೇಯ. ಆದ್ರೆ ಅವ್ವ ತೀರ್ಕಂಡು ಇನ್ನೂ ತಿಥಿ ಆಗಿಲ್ಲ ಮೇಡಂ, ಸೂತಕ. ಕುಂಕುಮ ಮುಟ್ಟಿಲ್ಲ. ಬರಾಕಿಲ್ಲ ಅಂದ್ರೂ ಲೋಡು ಅರ್ಜೆಂಟು ಅಂತ ಎಳ್ಕಂಬಂದ್ರು."

ನೇತ್ರಾವತಿ ಪೇದೆ ಶಿವರಾಜುವನ್ನು ಕರೆದಳು. "ಮಾಲೀಕರ ಜೀಪಿನೊಳಗೆ ಹುಡುಕಿ."

ಸೀಟಿನಡಿ, ಚಿಂದಿಬಟ್ಟೆಯಲ್ಲಿ ಸುತ್ತಿದ ಹಳೆಯ ಸ್ವಿಚ್ಚು ಸಿಕ್ಕಿತು. ಅದರ ಹಿಂಬದಿ ಸುಟ್ಟು ಕರಕಲಾಗಿತ್ತು.

* * *

"ಇದು ದಿನವಿಡೀ ಅದುರುವ ಹಳೇ ಲಾರಿ," ಎಂದಳು ನೇತ್ರಾವತಿ. "ಹಬ್ಬದಲ್ಲಿಟ್ಟ ಕುಂಕುಮ ಎಂದೋ ಉದುರಿಹೋಗಿರಬೇಕು. ಇದು ಇವತ್ತಿನದು. ಸೂತಕದವನು ಇಟ್ಟಿಲ್ಲ. ಅವನು ಆಸ್ಪತ್ರೆಗೆ ಹೋದಾಗ ಇಲ್ಲಿದ್ದವರು ನೀವೊಬ್ಬರೇ. ಸ್ವಿಚ್ಚು ಬದಲಾಯಿಸಿದಿರಿ, ಸರಿ. ಬೊಟ್ಟು ಯಾಕೆ ಇಟ್ಟಿರಿ?"

ರಂಗಸ್ವಾಮಿ ತಲೆ ತಗ್ಗಿಸಿದ. "ಒಸ ಸಾಮಾನು ಮೇಡಂ. ಬೊಟ್ಟಿಡ್ದೆ ಬಿಡಾಕೆ ಮನಸ್ಸು ಬರ್ನಿಲ್ಲ."

"ಹೊಸದು ಅಷ್ಟು ಬೇಗ ಎಲ್ಲಿಂದ ಬಂತು?"

"ಜೀಪಲ್ಲೇ ಇತ್ತು. ಅಬ್ಬಕ್ಕೇ ತಂದಿದ್ದೆ. ಲಾರಿ ನಿಲ್ಸಿದ್ರೆ ಲೋಡು ತಪ್ತದೆ ಅಂತ..."

"ಹಾಕೋಕೆ ಎಷ್ಟು ಹೊತ್ತು ಹಿಡೀತು?"

ಅವನು ಸುಟ್ಟ ಸ್ವಿಚ್ಚಿನ ಕಡೆ ನೋಡಿದ.

"ಒಂದ್ ಬೀಡಿ ಸೇದೋವಷ್ಟು."

ನೇತ್ರಾವತಿ ಅವನನ್ನು ಪೊಲೀಸ್ ಜೀಪು ಹತ್ತಿಸಿದಳು. ಆಮೇಲೆ ನಂಜಯ್ಯನ ಕಡೆ ತಿರುಗಿ, "ಹೇಳಿಕೆ ಬರೆಸಿ ಊರಿಗೆ ಹೋಗಪ್ಪ," ಎಂದಳು. "ಅವ್ವನ ಕಾರ್ಯ ಮಾಡು."