ಎಡಪಂಥೀಯದ ಮೂರನೇ ಅರ್ಥ

ಸತ್ತ ಜಿರಳೆಯನ್ನು ಮೀಸೆ ಹಿಡಿದು ಎತ್ತುವ ಹಾಗೆ, ಅವಳು ಆ ಕಾರ್ಡನ್ನು ಎರಡೇ ಬೆರಳಲ್ಲಿ ಎತ್ತಿದಳು.

“ಇದನ್ನ ಬರೆದ ಮಹಾನುಭಾವರು ತಾವೇನಾ?”

ಮೇಜಿನ ಆಚೆ ಕುಳಿತಿದ್ದವನು ಕನ್ನಡಕ ಒರೆಸತೊಡಗಿದ. ನಿಘಂಟು ಕಚೇರಿಯಲ್ಲಿ ಅವನಿಗೆ ಹೌದಪ್ಪ ಎಂದೇ ಹೆಸರು. ಉಳಿದವರು ಬೆನ್ನ ಹಿಂದೆ ಕರೆಯುತ್ತಿದ್ದರು, ಅವಳು ಎದುರಿಗೇ.

ಅಲ್ಲಿ ಪದಕ್ಕೊಂದು ಕಾರ್ಡು, ಕಾರ್ಡಿಗೆರಡು ಸಹಿ. ಬರೆದವರದೊಂದು, ಒಪ್ಪಿದವರದೊಂದು. ಮೂರು ವರ್ಷದಿಂದ ಜೋಡಿಯಾಗಿ ಬಿದ್ದ ಆ ಸಾವಿರಾರು ಸಹಿಗಳ ನಡುವೆ ಎಲ್ಲೋ ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಅದಕ್ಕಾಗಿ ತನ್ನನ್ನು ಅವಳಿನ್ನೂ ಕ್ಷಮಿಸಿರಲಿಲ್ಲ.

ಪದ ‘ಎಡಪಂಥೀಯ’. ಮೂಲವನ್ನು ಅವನು ಚಂದವಾಗಿಯೇ ಬರೆದಿದ್ದ: ಫ್ರಾನ್ಸಿನ ಕ್ರಾಂತಿಯ ಕಾಲದ ಸಭೆಯಲ್ಲಿ ಅರಸನ ಅಧಿಕಾರ ಮೊಟಕಾಗಲಿ ಎಂದವರು ಅಧ್ಯಕ್ಷರ ಎಡಕ್ಕೆ ಕುಳಿತರು, ಅರಸನ ಪರ ಇದ್ದವರು ಬಲಕ್ಕೆ, ಕೂತ ಜಾಗವೇ ಪಂಥದ ಹೆಸರಾಯಿತು. ಎರಡನೆಯದು ಈಗಿನ ಬಳಕೆ. ಮೂರನೆಯದು ಬೇರೆ ಶಾಯಿಯಲ್ಲಿತ್ತು: ‘ನಾಡಿಗೆ ಕೇಡು ಬಗೆಯುವವ’.

“ಈ ಅರ್ಥ ಯಾವ ಪುಸ್ತಕದಲ್ಲಿ ಸಿಕ್ತು?”

“ಸಾಹೇಬರು ಹೇಳಿದ್ರು.”

“ಹಿಂದಿನ ಸಾಹೇಬರಿದ್ದಾಗ ‘ಬಲಪಂಥೀಯ’ದ ಕಾರ್ಡಿಗೆ ‘ಮತಿಗೇಡಿ’ ಅಂತ ಸೇರಿಸಿದ್ರಿ. ಅದನ್ನೂ ನಾನೇ ಹೊಡೆದು ಹಾಕಿದ್ದು. ನಿಮ್ಮದು ಯಾವ ಪಂಥ ಸ್ವಾಮಿ? ಬಾಲ ಅಲ್ಲಾಡಿಸೋ ಪಂಥವಾ?”

“ಮೆಲ್ಲಗೆ ಮಾತಾಡಿ.” ಅವನು ಮುಂದಕ್ಕೆ ಬಾಗಿದ. “ನೀವೊಂದು ಸಹಿ ಹಾಕಿದ್ರೆ ಸಂಜೆಗೆ ನಾನು ಉಪಸಂಪಾದಕ. ನಿಮ್ಮಪ್ಪ ಕಾಯಂ ಕೆಲಸ ಇರೋ ಹುಡುಗ ಬೇಕು ಅಂದಿದ್ರಲ್ಲ? ನಾಳೆನೇ ಅಕ್ಕನ ಜೊತೆ ನಿಮ್ಮನೆಗೆ ಬರ್ತೀನಿ.”

ಮೂರು ವರ್ಷ ಕಾದ ಮಾತು. ಬರುವುದು ಬಂತು, ಲಂಚದ ಹಾಗೆ ಬರಬೇಕಿತ್ತೇ? ಎದೆ ಮಾತ್ರ ನಾಚಿಕೆಯಿಲ್ಲದೆ ಹೊಡೆದುಕೊಂಡಿತು.

“ಅಪ್ಪ ಕೇಳಿದ್ದು ಕಾಯಂ ಕೆಲಸ. ನನಗೆ ಬೇಕಿರೋದು ಕಾಯಂ ಮನುಷ್ಯ. ಅಕ್ಕನಿಗೆ ಸುಮ್ನೆ ತೊಂದರೆ ಕೊಡಬೇಡಿ.”

ಅವಳು ಎಸೆದ ಕಾರ್ಡನ್ನು ಅವನು ಎತ್ತಿಕೊಂಡ. ಆಮೇಲೆ ಎದ್ದು ಸಾಹೇಬರ ಕೋಣೆಗೆ ಹೋದ. ಗಾಜಿನ ಬಾಗಿಲ ಹಿಂದೆ ಸಾಹೇಬರ ಕೈ ಮೇಲೆದ್ದು ಬಾಗಿಲು ತೋರಿಸಿದ್ದು ಕಂಡಿತು.

ಅವನು ಬೆವರುತ್ತ ಮರಳಿದ. ಮೂರನೇ ಅರ್ಥದ ಮೇಲೆ ಗೆರೆ ಎಳೆದಿತ್ತು, ಪಕ್ಕದಲ್ಲಿ ಅವನ ಸಹಿ.

“ಏನಂದ್ರು?”

“ಈ ಜನ್ಮದಲ್ಲಿ ನೀನು ಉಪಸಂಪಾದಕ ಆಗಲ್ಲ ಅಂದ್ರು.”

“ನೀವೇನಂದ್ರಿ?”

“ಹೌದು ಅಂದೆ.”

ನಗು ಉಕ್ಕಿ ಬಂತು. ತುಟಿ ಕಚ್ಚಿಕೊಂಡು ಅವಳು ಸಹಿ ಹಾಕಿದಳು.

“ಎಳೆದಿರೋ ಗೆರೆನೂ ಸೊಟ್ಟ.”

“ಸಾಹೇಬರ ಎದುರಿಗೇ ನಿಂತು ಎಳೆದದ್ದು.”

“ಅಕ್ಕನ್ನ ನಾಳೆ ಕರ್ಕೊಂಡು ಬನ್ನಿ. ಅಪ್ಪನ ಹತ್ತಿರ ನಾನೇ ಮಾತಾಡ್ತೀನಿ. ನೀವು ಮಾತ್ರ ಬಾಯಿ ಬಿಡಬೇಡಿ.”

ಅವನು ಮುಖ ಅರಳಿಸಿ, ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಬಂದ.

“ಎದುರಿಗೇ ಕೂತ್ಕೊಳ್ಳಿ,” ಎಂದಳು, ಕಾರ್ಡಿನಿಂದ ಕಣ್ಣೆತ್ತದೆ. “ಪಕ್ಕ ಕೂರಿಸಿಕೊಳ್ಳೋಷ್ಟು ನಂಬಿಕೆ ಇನ್ನೂ ಬಂದಿಲ್ಲ. ಸಂಜೆವರೆಗೆ ನೋಡ್ತೀನಿ.”