ಐದನೆಯ ಫೌಲು

ಡ್ರಿಲ್ ಮಾಸ್ತರ ಬೀರಣ್ಣ ಮುಕ್ತಾಬಾಯಿಯನ್ನು ಮೊದಲ ಸಲ ಮಾತಾಡಿಸಿದ್ದು ಅವಳ ಅಕ್ಷರದ ಸಲುವಾಗಿ.

"ಬಾಯಾರ, ವರಾಂಡಾದ ಕರೀ ಫಳಾದ ಮ್ಯಾಲ ದಿನಾ ಸುವಿಚಾರ ಬರಿಯಾವ್ರು ನೀವೇನ್ರಿ?"

ಅವಳು ಹೌದೆಂದು ತಲೆಯಾಡಿಸಿದಳು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಬಾಗಿಲಲ್ಲೇ ನಿಂತಿದ್ದ. ಅವಳ ಮುಖ ನೋಡದೆ, ಅವಳ ಬೆರಳಿಗೆ ಹತ್ತಿದ ಸುಣ್ಣಕಡ್ಡಿಯ ಪುಡಿಯನ್ನು ನೋಡುತ್ತಿದ್ದ. ಅವಳು ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

"ಇಷ್ಟು ದುಂಡಗ ಬರೀತೀರಿ. ನಮ್ಮ ಬಾಸ್ಕೆಟ್‌ಬಾಲಿನ ಸ್ಕೋರ್ ವಹಿ ಬರದು ಕೊಡ್ತೀರೇನು?"

"ನನಗ ಆ ಆಟ ತಿಳಿಯೂದಿಲ್ರಿ."

"ತಿಳೀದಿದ್ರ ಚಲೋ ಆತು. ತಿಳದವ್ರು ಅಂಪೈರನಕಿಂತ ಮೊದಲ ನ್ಯಾಯ ಹೇಳ್ತಾರ."

ಅವನು ನಕ್ಕ. ಅವಳೂ ನಗಬೇಕೆಂದುಕೊಳ್ಳುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿ, ಅಕ್ಕಲಕೋಟದ ಆ ಹೈಸ್ಕೂಲಿಗೆ ಒಂದು ವರ್ಷದ ಮಟ್ಟಿಗೆ ಬಂದವಳು ಮುಕ್ತಾ. ಅಪ್ಪ ಖಂಡೆಪ್ಪ ಸೊಲ್ಲಾಪುರದ ನವಿ ಪೇಠೆಯ ಬಟ್ಟೆ ಅಂಗಡಿಯೊಂದರಲ್ಲಿ ಗಜಕೋಲು ಹಿಡಿದು ಅರಿವೆ ಅಳೆಯುವವರು. ಮೇ ತಿಂಗಳಿಗೆ ಕೆಲಸ ಮುಗಿದರೆ ಅವಳು ಮತ್ತೆ ಅಪ್ಪನ ಮನೆಗೆ. ಹೇಳಬೇಕಾದದ್ದು ಎಷ್ಟೋ ಇದ್ದರೂ ಹೇಳುವ ಹೊತ್ತಿಗೆ ಅವಳ ನಾಲಿಗೆ ಹಿಂದೆ ಸರಿಯುತ್ತಿತ್ತು. ಆ ದಿನವೂ ಅವಳು ಬೀರಣ್ಣನಿಗೆ ಪೂರ್ತಿ ಖರೆ ಹೇಳಲಿಲ್ಲ. ಆಟ ತಿಳಿಯುತ್ತಿರಲಿಲ್ಲ, ನಿಜ. ಆದರೆ ಜೂನ್ ತಿಂಗಳಿಂದ ದಿನವೂ ಸಂಜೆ ಐದಕ್ಕೆ ಅವಳು ಕಿಟಕಿಯ ಬಳಿ ನಿಂತು ಆ ಮೈದಾನವನ್ನೇ ನೋಡುತ್ತಿದ್ದಳು.

ಆ ಮೈದಾನ ಅವನೇ ಮಾಡಿದ್ದು. ಕಲ್ಲು ಆರಿಸಿ, ಮುರುಮು ಮಣ್ಣು ಹಾಸಿ, ಹುಡುಗರ ಕೈಯಲ್ಲಿ ಸೆಗಣಿ ಸಾರಿಸಿ, ಸುಣ್ಣದ ಗೆರೆ ಎಳೆದಿದ್ದ. ಎರಡು ಕಂಬಗಳ ತುದಿಗೆ, ಚೆಂಡು ಬೀಳುವ ಕಬ್ಬಿಣದ ಬಳೆಗಳನ್ನು ಊರ ಕಂಬಾರ ಬಡಿದುಕೊಟ್ಟಿದ್ದ. ಚೆಂಡು ಒಂದೇ. ಎರಡು ಸಲ ಹೊಲಿಗೆ ಬಿಟ್ಟು ಮತ್ತೆ ಹೊಲಿಸಿಕೊಂಡದ್ದು.

ಬೀರಣ್ಣ ತಡವಳದವನು. ಹನ್ನೆರಡು ವರ್ಷದವರೆಗೆ ಅಪ್ಪನ ಕುರಿ ಕಾದವನು. ಅವನು ಹುಡುಗರಿಗೆ ಕಲಿಸುತ್ತಿದ್ದ ಮಾತು ಕಿಟಕಿಯವರೆಗೂ ಬರುತ್ತಿತ್ತು:

"ಚೆಂಡಿನ ಬೆನ್ನ ಹತ್ತಬ್ಯಾಡ್ರಲೇ. ಕುರಿ ಎಲ್ಲಿ ಐತಿ ಅಲ್ಲಿ ಓಡಿದ್ರ ಕಾಲ ಸೋಲತಾವ. ಎಲ್ಲಿ ಬರತೈತಿ, ಅಲ್ಲಿ ಮೊದಲ ಹೋಗಿ ನಿಂದರ್ರಿ."

ಮೊದಮೊದಲು ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬೀಳುತ್ತಿದ್ದರು. ಶ್ರಾವಣದ ಒಂದು ಸಂಜೆ ಅದು ತಾನಾಗಿ ಕೂಡಿಬಂತು. ಯಾರೂ ಕೂಗಲಿಲ್ಲ. ಐದು ಮೈಗಳು ಒಮ್ಮೆಲೇ ಎಡಕ್ಕೆ ತಿರುಗಿದವು, ಇಳಿಜಾರಿನಲ್ಲಿ ಹಿಂಡು ತಿರುಗುವ ಹಾಗೆ. ಚೆಂಡು ತಾನು ಹೋಗುವ ದಾರಿಯನ್ನು ಮೊದಲೇ ಬಲ್ಲದ್ದರಂತೆ ಕೈಯಿಂದ ಕೈಗೆ ನಡೆದುಹೋಯಿತು. ಮುಕ್ತಾಳ ಕೈ ತಾನಾಗಿ ಎದೆಗೆ ಹೋಯಿತು. ಮನುಷ್ಯರು ಹೀಗೆ ಒಂದಾಗಿ ಚಲಿಸಬಲ್ಲರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗೆರೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಬೀರಣ್ಣ ಆಗ ತಲೆಯೆತ್ತಿ ಕಿಟಕಿಯತ್ತ ನೋಡಿದ. ನೀವೂ ನೋಡಿದಿರಾ ಎಂದು ಕೇಳುವ ಹಾಗೆ. ಅವಳು ಪರದೆ ಬಿಟ್ಟಳು. ಆಮೇಲೆ ಪರದೆಯ ಅಂಚಿನಿಂದ ಮತ್ತೆ ನೋಡಿದಳು.

ಹೆಡ್‌ಮಾಸ್ತರ ಮಲಕಾಜಪ್ಪನವರಿಗೆ ಮಾತ್ರ ಈ ಆಟ ಸೇರುತ್ತಿರಲಿಲ್ಲ.

"ಬೀರಣ್ಣ, ಮುಂಬೈಯವರ ಆಟ ನಮಗ್ಯಾಕೋ? ಹುತುತು, ಕಬಡ್ಡಿ ಆಡಸು, ಸಾಕು. ಈ ವರ್ಷ ಬಹುಮಾನದ ಢಾಲು ಗೆದ್ದು ತರಲಿಲ್ಲಂದ್ರ ಆ ಕಂಬಾ ಕಿತ್ತಸ್ತೀನಿ. ನಿನ್ನ ಜಾಗಾ ಇಡೂದೋ ಬಿಡೂದೋ, ಕಮಿಟಿಯವರು ನೋಡ್ತಾರ."

"ಆತ್ರಿ," ಅಂದಿದ್ದ ಬೀರಣ್ಣ. ಅಷ್ಟೇ.

ಜನವರಿಯಲ್ಲಿ ಸೊಲ್ಲಾಪುರದಲ್ಲಿ ವಿಭಾಗದ ಪಂದ್ಯಗಳು ನಡೆದವು. ಹತ್ತು ಹುಡುಗರು, ಅವರ ನಡುವೆ ಐದೇ ಜೊತೆ ಬೂಟು. ಆಡುವವನಿಗೆ ಬೂಟು, ಕೂತವನು ಬರಿಗಾಲು. ಹಾಗೆಯೇ ಮೂರು ಸಾಲೆಗಳನ್ನು ಸೋಲಿಸಿ ಅವರು ಫೈನಲ್ಲಿಗೆ ಬಂದರು. ಎದುರಿಗೆ ಶಹರದ ತಂಡ. ಬಿಳಿ ಬನಿಯನ್ನು, ಬಿಳಿ ಬೂಟು, ಬಾಗಿಲ ಚೌಕಟ್ಟಿನಷ್ಟು ಎತ್ತರದ ಹುಡುಗರು.

ಸ್ಕೋರ್ ವಹಿ ಬರೆಯುವವರು ಯಾವ ಸಾಲೆಯವರೆಂದು ಚೀಟಿ ಎತ್ತಿದಾಗ ಅಕ್ಕಲಕೋಟದ ಪಾಲಿಗೆ ಬಂತು. ಅಷ್ಟರೊಳಗೆ ವಹಿ ಬರೆಯುವುದನ್ನು ಕಲಿತಿದ್ದ ಮುಕ್ತಾ ಮೇಜಿಗೆ ಕೂತಳು. ಪಕ್ಕದಲ್ಲಿ ಶಹರದ ಹಿರಿಯ ಮಾಸ್ತರ ತುಕಾರಾಮರು, ಕೈಯಲ್ಲಿ ಗಡಿಯಾರ, ಮುಂದೆ ಹಿತ್ತಾಳೆಯ ಗಂಟೆ. ಅವರು ಗಡಿಯಾರ ಬಿಟ್ಟು ಕಣ್ಣೆತ್ತುವವರಲ್ಲ. ಅಂಕಿಯೂ ಫೌಲೂ ಮುಕ್ತಾಳ ಜವಾಬ್ದಾರಿ. ಐದು ಫೌಲಾದ ಹುಡುಗ ಹೊರಗೆ ಹೋಗಬೇಕು. ಅದನ್ನು ಎಣಿಸುವುದು ಅಂಪೈರ್ ಅಲ್ಲ, ವಹಿ.

ಅಕ್ಕಲಕೋಟದ ಜೀವ ಎಂಟನೇ ನಂಬರಿನ ಸಿದ್ರಾಮ. ಅವನು ಮೇಲೆ ಹಾರಿದರೆ ಕೆಳಗಿಳಿಯುವುದನ್ನು ಮರೆತನೇನೋ ಅನ್ನಿಸುತ್ತಿತ್ತು. ಮೊದಲ ಅರ್ಧದಲ್ಲಿ ಬಳೆಯ ಕೆಳಗೆ ಅವನಿಗೂ ಶಹರದ ಐದನೇ ನಂಬರಿನವನಿಗೂ ಮೈಗೆ ಮೈ ತಾಗಿತು. ಅಂಪೈರ್ ಸೀಟಿ ಊದಿ, ಮೇಜಿಗೆ ಬೆನ್ನು ತಿರುಗಿಸಿಕೊಂಡೇ ಮರಾಠಿಯಲ್ಲಿ ಕೂಗಿದ: "ಪಾಚ್... ಆಠ!"

ಮುಕ್ತಾ ಶಹರದ ಐದನೆಯವನ ಹೆಸರಿನ ಮುಂದೆ ಒಂದು ಗೆರೆ ಹಾಕಿದಳು. ಅಂಪೈರ್ ಇಬ್ಬರ ನಡುವೆ ಚೆಂಡು ಮೇಲಕ್ಕೆಸೆದ. ಆಟ ಮುಂದುವರಿಯಿತು.

ದ್ವಿತೀಯಾರ್ಧದಲ್ಲಿ ಇನ್ನು ಮೂರು ನಿಮಿಷ. ಅಕ್ಕಲಕೋಟ ಇಪ್ಪತ್ತೆಂಟು, ಶಹರ ಇಪ್ಪತ್ನಾಲ್ಕು. ಆಗಷ್ಟೇ ಸಿದ್ರಾಮನ ಹೆಸರಿನ ಮುಂದೆ ನಾಲ್ಕನೆಯ ಫೌಲು ಬಿದ್ದಿತ್ತು. ಮರುಗಳಿಗೆಯಲ್ಲೇ ಶಹರದ ಎಂಟನೇ ನಂಬರಿನವನು ಒಬ್ಬನನ್ನು ದಬ್ಬಿದ. ಅಂಪೈರ್ ಈ ಸಲ ಮೇಜಿನ ಹತ್ತಿರವೇ ಬಂದು ಎಂಟು ಬೆರಳೆತ್ತಿ ಹೇಳಿದ:

"ಆಠ."

ಮುಕ್ತಾಳ ಪೆನ್ನು ನಿಂತಿತು.

ಮೊದಲ ಅರ್ಧದಲ್ಲಿ ಅವನು ಕೂಗಿದ್ದೂ ಇದೇ ಶಬ್ದ. ಪಾಚ್, ಆಠ. ಐದು ಮತ್ತು ಎಂಟು. ಇಬ್ಬರದೂ ಫೌಲು. ಅವಳು ಕೇಳಿಸಿಕೊಂಡದ್ದು ಮಾತ್ರ 'ಆಟ' ಎಂದು. ಆಟ ಶುರು ಮಾಡ್ರಿ ಅನ್ನುತ್ತಿದ್ದಾನೆ ಅಂದುಕೊಂಡಿದ್ದಳು. ಉಳಿದ ಸಲವೆಲ್ಲ ಅವನೆತ್ತಿದ ಬೆರಳು ನೋಡಿ ಬರೆದಿದ್ದಳು; ಆ ಸಲ ಅವನ ಬೆನ್ನಷ್ಟೇ ಕಂಡಿತ್ತು. ನವಿ ಪೇಠೆಯಲ್ಲಿ ಹುಟ್ಟಿ ಬೆಳೆದವಳು, ಮಗ್ಗಿಯನ್ನೂ ಮರಾಠಿಯಲ್ಲೇ ಬಾಯಿಪಾಠ ಮಾಡಿದವಳು. ಆದರೂ ಆ ಗದ್ದಲದಲ್ಲಿ ಕಿವಿ ಮನೆಯ ಮಾತನ್ನೇ ಆರಿಸಿಕೊಂಡಿತ್ತು.

ಸಿದ್ರಾಮನದು ನಾಲ್ಕಲ್ಲ, ಐದು. ಅವನು ಈಗ ಒಳಗಿರಬಾರದು.

ಇದು ಯಾರಿಗೂ ಗೊತ್ತಿಲ್ಲ. ಅವಳು ಸುಮ್ಮನಿದ್ದರೆ ಢಾಲು ಬರುತ್ತದೆ. ಕಂಬಗಳು ಉಳಿಯುತ್ತವೆ. ಅವನೂ ಉಳಿಯುತ್ತಾನೆ. ಸುಮ್ಮನಿರುವುದಂತೂ ಅವಳು ಹುಟ್ಟಿದಾಗಿನಿಂದ ಬಲ್ಲ ಒಂದೇ ವಿದ್ಯೆ.

ಅವಳು ಗೆರೆಯಾಚೆ ನೋಡಿದಳು. ಬೀರಣ್ಣ ಹಿಂಡಿನ ಅಂಚಿನಲ್ಲಿ ಕೂತವನಂತೆ ಕುಕ್ಕರಗಾಲಲ್ಲಿ ಕೂತು, ಹುಡುಗರನ್ನು ನೋಡುತ್ತಿದ್ದ. ಆ ಮುಖದಲ್ಲಿ ಗೆಲ್ಲುವ ಆಸೆಗಿಂತ ದೊಡ್ಡದೇನೋ ಇತ್ತು. ತನ್ನ ಕೈಯಿಂದಾದದ್ದನ್ನು ತಾನೇ ನಂಬಲಾರದವನ ಬೆರಗು. ಆ ಬೆರಗಿನ ಕೆಳಗೆ ತನ್ನ ಒಂದು ಸುಳ್ಳು ಇರುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಸರ್," ಅಂದಳು. ಸ್ವರ ಮೇಜು ದಾಟಲಿಲ್ಲ. ಅವಳು ಕೈ ಚಾಚಿ ತುಕಾರಾಮರ ಗಂಟೆಯನ್ನು ಬಾರಿಸಿದಳು.

"ಏ ತಂಗೀ, ಇನ್ನೂ ಟೈಮ್ ಆಗಿಲ್ಲವಾ," ಎಂದರು ಅವರು ಗಾಬರಿಯಿಂದ.

ಇಡೀ ಮೈದಾನ ನಿಂತು ಅವಳ ಕಡೆ ತಿರುಗಿತು. ಅವಳು ಎದ್ದು ನಿಂತಳು.

"ನಮ್ಮ ಎಂಟನೇ ನಂಬರಿಂದು ಐದು ಫೌಲು ಆಗ್ಯಾವ್ರಿ. ಒಂದು ನಾ ಬರದಿಲ್ಲ. ತಪ್ಪು ನಂದು."

ಮಲಕಾಜಪ್ಪನವರು ಖುರ್ಚಿಯಿಂದ ಎದ್ದೇಬಿಟ್ಟರು. "ಬಾಯಾರ, ನೀವು ಯಾರ ಸಾಲಿಯವ್ರು? ಪಗಾರ ನಾವ ಕೊಡ್ತೀವೋ, ಇವರು ಕೊಡ್ತಾರೋ?"

ಬೀರಣ್ಣ ಮೇಜಿನ ಹತ್ತಿರ ಬಂದ. ವಹಿ ನೋಡಿದ. ಆಮೇಲೆ ಅವಳನ್ನು ನೋಡಿದ. ಇಷ್ಟು ಹತ್ತಿರದಿಂದ ಅವನು ನೋಡಿದ್ದು ಇದೇ ಮೊದಲು.

"ಖರೇನ್ರಿ?"

"ಖರೇರಿ."

ಅವನು ವಹಿಯನ್ನು ಅವಳ ಮುಂದೆ ಸರಿಸಿದ. ಮೈದಾನದ ಕಡೆ ತಿರುಗಿದ.

"ಸಿದ್ರಾಮ, ಹೊರಗ ಬಾ."

"ಸರ್ರ, ಅಂಪೈರ್ ಕೂಗಿದ್ದು ಯಾರೂ ಕೇಳಿಲ್ಲಲ್ರಿ."

"ಬಾಯಾರು ಕೇಳ್ಯಾರ. ಬಾ."

ಸಿದ್ರಾಮ ಗೆರೆಯ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಅವನ ಬೂಟನ್ನು ಹಾಕಿಕೊಂಡವನು ಕಲ್ಲಣ್ಣ, ತಂಡದಲ್ಲೆಲ್ಲ ಗಿಡ್ಡ. ಬೂಟು ಅವನಿಗೆ ಎರಡು ಬೆರಳು ದೊಡ್ಡದಾಗಿತ್ತು.

ಆಮೇಲಿನ ಎರಡೂವರೆ ನಿಮಿಷವನ್ನು ಮುಕ್ತಾ ಉಸಿರು ಹಿಡಿದೇ ಬರೆದಳು. ಶಹರ ಇಪ್ಪತ್ತಾರು. ಶಹರ ಇಪ್ಪತ್ತೆಂಟು. ಮತ್ತೊಂದು ಫ್ರೀ ಥ್ರೋ, ಇಪ್ಪತ್ತೊಂಬತ್ತು. ಪ್ರತಿ ಅಂಕಿಯನ್ನೂ ಅವಳು ದುಂಡಗೇ ಬರೆದಳು. ಬರೆದಂತೆಲ್ಲ ಒಬ್ಬ ಮನುಷ್ಯನನ್ನು ತನ್ನಿಂದ ದೂರ ದೂರ ಕಳಿಸುತ್ತಿದ್ದೇನೆ ಅನ್ನಿಸಿತು.

"ಹದಿನೈದು ಸೆಕೆಂಡು," ಎಂದರು ತುಕಾರಾಮರು.

ಆಗ ಅದು ಮತ್ತೆ ನಡೆಯಿತು.

ಯಾರೂ ಕೂಗಲಿಲ್ಲ. ಮುಂದಿನ ಟಗರು ಇಲ್ಲದ ಹಿಂಡು ತಾನೇ ತಿರುಗಿತು. ಚೆಂಡು ಯಾರ ಕೈಯಲ್ಲೂ ನಿಲ್ಲಲಿಲ್ಲ. ಒಬ್ಬ ಮುಟ್ಟಿದ್ದನ್ನು ಕಣ್ಣು ನೋಡುವಷ್ಟರಲ್ಲಿ ಅದು ಇನ್ನೊಬ್ಬನದಾಗಿತ್ತು. ಎತ್ತರದ ಬಿಳಿ ಹುಡುಗರು ಅದರ ಬೆನ್ನು ಹತ್ತಿ ಓಡಿದರು, ತಿರುಗಿದರು, ಮತ್ತೆ ಓಡಿದರು. ಇಳಿಬಿಸಿಲು ಧೂಳಿನೊಳಗೆ ಹೊಕ್ಕು ಇಡೀ ಮೈದಾನ ಬಂಗಾರದ ಹೊಗೆಯಾಗಿತ್ತು. ಅದರೊಳಗೆ ಐದು ಕಪ್ಪು ಮೈಗಳು ಒಂದೇ ಉಸಿರಿನಲ್ಲಿ ಏರಿ ಇಳಿದವು. ಕಲ್ಲಣ್ಣನ ಒಂದು ಬೂಟು ಕಳಚಿ ನಡುಮೈದಾನದಲ್ಲಿ ಉಳಿಯಿತು. ಅವನು ಹಿಂದಿರುಗಿ ನೋಡಲಿಲ್ಲ. ಯಾರೂ ಇಲ್ಲದ ಒಂದು ಮೂಲೆಗೆ ಹೋಗಿ, ಕೈ ಎತ್ತಿ, ಸುಮ್ಮನೆ ನಿಂತ.

ಚೆಂಡು ಅಲ್ಲಿಗೆ ಬಂತು.

ಅವನು ಎರಡೂ ಕೈಯಿಂದ ಅದನ್ನು ಮೇಲಕ್ಕೆ ಬಿಟ್ಟ, ಪಾರಿವಾಳ ಬಿಟ್ಟ ಹಾಗೆ. ಬಳೆಯ ಮೇಲೆ ಅದು ಒಂದು ಸುತ್ತು ಹಾಕಿತು. ಸಾವಿರ ಜನ ಇದ್ದ ಆ ಬಯಲಿನಲ್ಲಿ ಒಂದು ಕ್ಷಣ ಒಂದು ಕೆಮ್ಮೂ ಇರಲಿಲ್ಲ. ಆಮೇಲೆ ಚೆಂಡು ಒಳಗೆ ಬಿತ್ತು.

ಮುಕ್ತಾಳ ಕೆನ್ನೆ ಒದ್ದೆಯಾಗಿತ್ತು. ದೇವರನ್ನು ಇಷ್ಟು ಹತ್ತಿರದಿಂದ ಯಾರಾದರೂ ನೋಡಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅವಳು ನೋಡಿದ್ದು ಇದನ್ನು. ತುಕಾರಾಮರು ಗಂಟೆ ಬಾರಿಸಿ ಅವಳತ್ತ ಬಾಗಿದರು.

"ಬರಿ ತಂಗಿ. ನೀ ಬರೀಲಿಲ್ಲಂದ್ರ ಅವರು ಗೆದ್ದಂಗಲ್ಲ."

ಅವಳು ಬರೆದಳು. ಮೂವತ್ತು, ಇಪ್ಪತ್ತೊಂಬತ್ತು.

ಹುಡುಗರು ಕಲ್ಲಣ್ಣನನ್ನು ಹೊತ್ತು ಕುಣಿಯುತ್ತಿದ್ದರು. ಮಲಕಾಜಪ್ಪನವರು ಢಾಲನ್ನು ಎದೆಗವಚಿಕೊಂಡು, ಈ ಆಟ ಸುರು ಮಾಡಸಿದಾಂವ ನಾನ ಅಂತ ಕಂಡವರಿಗೆಲ್ಲ ಹೇಳುತ್ತಿದ್ದರು. ಬೀರಣ್ಣ ಮೇಜಿನ ಹತ್ತಿರ ಬಂದು ವಹಿಗೆ ಸಹಿ ಹಾಕಿದ. ಹಾಕಿದ ಮೇಲೂ ಪೆನ್ನು ಕೆಳಗಿಡಲಿಲ್ಲ.

"ನನ್ನ ಮ್ಯಾಲ ಸಿಟ್ಟ ಬಂದೈತೇನ್ರಿ?" ಅವಳೇ ಕೇಳಿದಳು.

"ಬಂದಿತ್ತು. ಅರ್ಧಾ ಮಿನಿಟು."

"ಆಮ್ಯಾಲ?"

"ಆಮ್ಯಾಲ ಅಂಜಿಕಿ ಬಂತ್ರಿ."

"ಢಾಲು ಹೋಗತೈತಿ ಅಂತೇನು?"

"ಅಲ್ರಿ. ನಿಮಗ ಒಂದು ಮಾತು ಕೇಳಬೇಕಂತ ದೀಪಾವಳಿಯಿಂದ ತಿರುಗಾಕತ್ತೀನಿ. ಇಲ್ಲಂತ ಹೇಳೂದಿದ್ರ ಈ ಬಾಯಾರು ಮುಲಾಜಿಗೆ ಬಿದ್ದು ನಯವಾಗಿ ಹೇಳಿ ಬಿಡ್ತಾರ ಅಂತ ಧೈರ್ಯ ಇತ್ತು. ಇವತ್ತ ನಿಮ್ಮನ್ನ ನೋಡಿದ್ನಿ. ನೀವು ಇದ್ದದ್ದನ್ನ ಇದ್ದಂಗ ಹೇಳಾವ್ರು. ಅದಕ್ಕ ಅಂಜಿಕಿ."

ಅವಳು ತಲೆ ಬಗ್ಗಿಸಿ ವಹಿಯ ಅಂಚನ್ನು ಸವರಿದಳು. "ಏನ್ ಕೇಳಾವ್ರು?"

"ನಿಮ್ಮ ಅಪ್ಪಾರನ್ನ ಬಂದು ಕಾಣಲೇನ್ರಿ, ಅಂತ. ನಮ್ಮ ಮನಿಯಾಗ ಇನ್ನೂ ಕುರಿ ಅದಾವ್ರಿ. ಅದನ್ನೂ ಹೇಳಬೇಕಲ್ಲ."

"ನಮ್ಮಜ್ಜಾ ಸಲಗರ ಬುದ್ರುಕದಾಗ ಕುರಿ ಕಾದಾಂವನರಿ."

ಅವನು ನಕ್ಕ. ಈ ಸಲ ಹೋಗಿಬಿಡಲಿಲ್ಲ, ನಿಂತ. ಅವಳಿಗೂ ನಗಲು ಸಮಯ ಸಿಕ್ಕಿತು.

"ಹಂಗಾದ್ರ ಐತವಾರ ಬರಲೇನು? ನಮ್ಮವ್ವನ್ನೂ ಕರಕೊಂಡು?"

ಮುಕ್ತಾ ತಲೆಯೆತ್ತಿದಳು. ಗಂಟೆ ಬಾರಿಸಿದ ಕೈಯಿಂದಲೇ ವಹಿ ಮುಚ್ಚಿದಳು. ನಾಲಿಗೆ ಈಗ ಹಿಂದೆ ಸರಿಯಲಿಲ್ಲ.

"ಇದ್ದದ್ದನ್ನ ಇದ್ದಂಗ ಹೇಳಲೇನ್ರಿ? ಐತವಾರದ ತನಕಾ ನನಗ ತಡ್ಯಾಕ ಆಗೂದಿಲ್ಲ. ನವಿ ಪೇಠ ಇಲ್ಲೇ ಅರ್ಧಾ ಮೈಲು."

ಅವನು ಒಬ್ಬನೇ ಹೋಗಬೇಕೆಂದಿದ್ದ. ಹುಡುಗರು ಬಿಡಲಿಲ್ಲ. ಎಲ್ಲಿಗೆ, ಯಾಕೆ ಎಂದು ಕೇಳದೆಯೇ ಹತ್ತೂ ಜನ ಹಿಂದೆ ಬಿದ್ದರು, ಐವರು ಬೂಟಿನಲ್ಲಿ, ಐವರು ಬರಿಗಾಲಲ್ಲಿ. ಮಲಕಾಜಪ್ಪನವರಿಂದ ಢಾಲು ಕಸಿದು ಸಿದ್ರಾಮ ತಲೆಯ ಮೇಲೆ ಹೊತ್ತಿದ್ದ. ಮುಂದೆ ದಾರಿ ತೋರಿಸುತ್ತ ಮುಕ್ತಾ. ದೀಪ ಹಚ್ಚುತ್ತಿದ್ದ ಅಂಗಡಿಗಳ ನಡುವೆ ಅವಳು ರಸ್ತೆಯ ನಡುವಿನಲ್ಲೇ ನಡೆದಳು. ಜನ ಸರಿದು ದಾರಿ ಕೊಟ್ಟರು.

ಖಂಡೆಪ್ಪನವರು ಯಾರದೋ ಸೀರೆಯ ಅಂಚು ಅಳೆಯುತ್ತಿದ್ದವರು ಗಜಕೋಲು ಹಿಡಿದೇ ನಿಂತರು. ಧೂಳು ಮೆತ್ತಿದ ಹತ್ತು ಹುಡುಗರನ್ನು, ಕೊರಳಲ್ಲಿ ಸೀಟಿ ಹಾಕಿಕೊಂಡ ಒಬ್ಬ ತರುಣನನ್ನು, ಅವರೆಲ್ಲರ ಮುಂದೆ ತಲೆಯೆತ್ತಿ ನಿಂತ ಮಗಳನ್ನು ನೋಡಿದರು.

"ಯಾರವಾ ಇವರೆಲ್ಲಾ?"

"ಗೆದ್ದವರು, ಅಪ್ಪಾ."

"ಮತ್ತ ಇವರು?"

"ಇವರು ನಿನ್ನ ಹತ್ರ ಒಂದು ಮಾತು ಕೇಳಾಕ ಬಂದಾರ," ಎಂದಳು ಮುಕ್ತಾ, ಇಡೀ ಅಂಗಡಿಗೆ ಕೇಳುವ ಸ್ವರದಲ್ಲಿ. "ನನ್ನ ಕೇಳಿ ಆಗೈತಿ. ನಾ ಹೂಂ ಅಂದೀನಿ."